ಹೂಮಳೆಯ ಹೊತ್ತಿಗೆ ಹಿತ್ತಲಿಗೂ ಒಂದು ಗಳಿಗೆ

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಬೆಳೆಗಾರ ಬಂಧುಗಳ ಕಣ್ಣೆಲ್ಲ ಆಕಾಶದ ಮೇಲೆ. ಒಂದು ಇಂಚು ಹೂಮಳೆ ಬಿದ್ದೀತೇ, ಬಿದ್ದರೆ ಹಿಂಬಾಲದ ಮಳೆ ಸಕಾಲಕ್ಕೆ ಸಿಕ್ಕೀತೇ ಎಂಬುದೇ ಮಾತು. ಅಡಿಕೆಯವರಿಗೆ ತೋಟದ ತೇವ, ಬಾವಿಯ ನೀರಿನ ಮಟ್ಟ ಇವೇ ಚಿಂತೆ. ಈ ಗಡಿಬಿಡಿಯಲ್ಲಿ ಮನೆಯ ಹಿಂದಿನ ಎರಡು ಸೆಂಟ್ಸ್ ಜಾಗ ನೆನಪಿಗೆ ಬರುವುದೇ ಇಲ್ಲ. ಎಕರೆಗಟ್ಟಲೆ ತೋಟವಿದ್ದವರ ಮನೆಗೂ ಬೆಂಡೆ, ಬದನೆ, ಕೊತ್ತಂಬರಿ ಸೊಪ್ಪು ಸಂತೆಯಿಂದಲೇ ಬರುತ್ತಿದೆ. ಇದನ್ನು ಯಾರನ್ನೋ ದೂರಲು ಬರೆಯುತ್ತಿಲ್ಲ. ನಮ್ಮ ಮನೆಯ ಕಥೆಯೂ ಅನೇಕ ವರ್ಷ ಹೀಗೆಯೇ ಇತ್ತು.

ನಮ್ಮ ಕಣ್ಣು ತೆರೆಸಿದ್ದು 2020ರ ಯುಗಾದಿ. ಆ ವರ್ಷ ಹಬ್ಬ ಮಾರ್ಚ್ 25ರಂದು ಬಂದಿತ್ತು. ದೇಶವೆಲ್ಲ ಲಾಕ್‌ಡೌನ್ ಆದ ಮೊದಲ ದಿನವೂ ಅದೇ. ಸಂತೆ ನಿಂತಿತು, ತರಕಾರಿ ವ್ಯಾನು ಬರಲಿಲ್ಲ. ಬೇವು ಬೆಲ್ಲಕ್ಕೆ ಕೊರತೆಯಾಗಲಿಲ್ಲ, ಆದರೆ ಪಲ್ಯಕ್ಕೆ ಏನೂ ಇರಲಿಲ್ಲ. ನಮ್ಮ ಲೈನ್ ಮನೆಯ ಹಿಂದೆ ಕೆಲಸದವರು ಹಾಕಿಕೊಂಡಿದ್ದ ಹರಿವೆ, ಬಸಳೆಯೇ ಆ ವಾರ ಎರಡೂ ಕಡೆಯ ಒಲೆಗೆ ಆಯಿತು. ಕೇಳಲು ನಮಗೆ ಸಂಕೋಚ. ಕೊಡಲು ಅವರಿಗೆ ಸಂಕೋಚವಿರಲಿಲ್ಲ. ಅದಕ್ಕೆ ಮೊದಲೂ 2018 ಮತ್ತು 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಕೊಡಗು, ಮಲೆನಾಡುಗಳಲ್ಲಿ ಗುಡ್ಡ ಕುಸಿದು ರಸ್ತೆ ಕಡಿದಾಗ ಇದೇ ಪಾಠ ಕಲಿಯಬಹುದಿತ್ತು. ಅಟ್ಟದಲ್ಲಿ ನಾಲ್ಕು ಮೊಗೆಕಾಯಿ, ನೆಲದಲ್ಲಿ ಒಂದು ಸುವರ್ಣಗೆಡ್ಡೆ ಇದ್ದ ಮನೆಯವರು ರಸ್ತೆಯ ದಾರಿ ಕಾಯಲಿಲ್ಲ.

ಮಳೆಗಾಲದ ಆ ನಾಲ್ಕು ಮೊಗೆಕಾಯಿಯ ಕೆಲಸ ಆರಂಭವಾಗುವುದು ವಸಂತದಲ್ಲಿ, ಅಂದರೆ ಈಗ. ಆದಕಾರಣ ಈ ಸಲ ಈ ಪುಟಗಳಲ್ಲಿ ಹಿತ್ತಲಿನ ವಿಚಾರ.

ಜಾಗ ಮತ್ತು ಮಣ್ಣು

ಮೊದಲ ವರ್ಷವೇ ಅರ್ಧ ಎಕರೆಗೆ ಬೇಲಿ ಹಾಕಬೇಡಿ. ಒಂದು ಸೆಂಟ್ಸ್ ಜಾಗ ಚೆನ್ನಾಗಿ ನೋಡಿಕೊಂಡರೆ ಸಣ್ಣ ಸಂಸಾರದ ಸೊಪ್ಪು ತರಕಾರಿಗೆ ದೊಡ್ಡ ಆಸರೆ. ಬೆಳಗಿನಿಂದ ಮಧ್ಯಾಹ್ನದವರೆಗಾದರೂ ಬಿಸಿಲು ಬೀಳಬೇಕು. ಕಾಫಿಗೆ ಒಗ್ಗುವ ನೆರಳು ಬೆಂಡೆಗೆ ಒಗ್ಗುವುದಿಲ್ಲ. ಸಿಲ್ವರ್ ಮರದ ಬುಡದಲ್ಲಿ ಬದನೆ ನೆಟ್ಟು ಕಾಯಿ ಬರಲಿಲ್ಲವೆಂದು ಬೇಸರಪಟ್ಟರೆ ತಪ್ಪು ಬದನೆಯದಲ್ಲ. ಅಡಿಗೆಮನೆಯ ಬಾಗಿಲಿನಿಂದ ಕಾಣುವ ಜಾಗ ಎಲ್ಲಕ್ಕಿಂತ ಉತ್ತಮ. ಕಣ್ಣಿಗೆ ಬಿದ್ದ ಗಿಡಕ್ಕೆ ನೀರೂ ಬೀಳುತ್ತದೆ, ಮಂಗನೂ ಬೇಗ ಗೊತ್ತಾಗುತ್ತದೆ.

ನಾಲ್ಕು ಅಡಿ ಅಗಲ, ಹತ್ತು ಅಡಿ ಉದ್ದದ ಮಡಿಗಳನ್ನು ಮಾಡಿಕೊಳ್ಳಿ. ಎರಡೂ ಬದಿಯಿಂದ ಕೈ ಎಟುಕಬೇಕು, ಮಡಿಯೊಳಗೆ ಕಾಲಿಡಬಾರದು. ಬೇಸಿಗೆ ಬೆಳೆಗೆ ಮಡಿ ನೆಲಮಟ್ಟದಲ್ಲಿದ್ದರೆ ನೀರು ಉಳಿಯುತ್ತದೆ. ಜೂನ್ ದಾಟಿ ನಿಲ್ಲಬೇಕಾದ ಗಿಡಗಳಿಗೆ ಅರ್ಧ ಅಡಿಯಾದರೂ ಎತ್ತರಿಸಿ, ಸುತ್ತ ಬಸಿಗಾಲುವೆ ಬಿಡಿ.

ನಮ್ಮ ಮಲೆನಾಡಿನ ಮಣ್ಣಿನಲ್ಲಿ ಮಳೆ ತೊಳೆದು ಹುಳಿಯಂಶ ಹೆಚ್ಚು. ತೋಟಕ್ಕೆ ಸುಣ್ಣ ಹಾಕುವ ನಾವು ಹಿತ್ತಲಿಗೆ ಹಾಕುವುದಿಲ್ಲ. ಮೇಲೆ ಹೇಳಿದ ಅಳತೆಯ ಮಡಿಗೆ ಅರ್ಧ ಕಿಲೋ ಕೃಷಿ ಸುಣ್ಣ ಬೆರೆಸಿ, ಎರಡು ವಾರ ಬಿಟ್ಟು, ಎರಡು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ ಸೇರಿಸಿ. ಸುಣ್ಣ ಗೊಬ್ಬರ ಒಟ್ಟಿಗೇ ಸುರಿದರೆ ಗೊಬ್ಬರದ ಸಾರ ಗಾಳಿಪಾಲು. ಪಲ್ಪರ್ ಬಳಿ ರಾಶಿಬಿದ್ದ ಕಾಫಿ ಹಣ್ಣಿನ ಸಿಪ್ಪೆಯನ್ನು ಹಸಿಯಾಗಿ ಗಿಡದ ಬುಡಕ್ಕೆ ಹಾಕಬಾರದು. ಕಳಿಯುವಾಗ ಕಾವು ಏರಿ ಬೇರು ಸುಡುತ್ತದೆ. ಸಗಣಿ, ತರಗೆಲೆಗಳೊಂದಿಗೆ ಗುಂಡಿಯಲ್ಲಿ ಕಳಿತು, ಕೈಯಲ್ಲಿ ಹಿಡಿದರೆ ಕಾಡುಮಣ್ಣಿನ ವಾಸನೆ ಬಂದಮೇಲೆ ಅದರಷ್ಟು ಒಳ್ಳೆಯ ಗೊಬ್ಬರವಿಲ್ಲ.

ಬೀಜಕ್ಕೆ ನೆನೆ, ಸಸಿಗೆ ನೆರಳು

ಬೆಂಡೆ ಬೀಜವನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಊರಿ. ಹಾಗಲ, ಪಡವಲ ಬೀಜಗಳ ಸಿಪ್ಪೆ ಗಟ್ಟಿ. ಒಂದು ಹಗಲು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಒಲೆಯ ಬಳಿಯ ಬೆಚ್ಚನೆ ಜಾಗದಲ್ಲಿಟ್ಟು, ಮೊಳಕೆ ಕಣ್ಣು ಬಿಟ್ಟಮೇಲೆ ಊರಬೇಕು. ಬೀಜದ ದಪ್ಪದ ಎರಡರಷ್ಟು ಮಣ್ಣು ಮೇಲಿದ್ದರೆ ಸಾಕು. ಆಳಕ್ಕೆ ಹಾಕಿದ ಬೀಜ ಕೊಳೆಯುವುದೇ ಹೆಚ್ಚು.

ಹರಿವೆ ಬೀಜ ಚೆಲ್ಲಿದ ಮರುದಿನ ಇರುವೆಗಳು ಸಾಲುಗಟ್ಟಿ ಹೊತ್ತೊಯ್ಯುತ್ತವೆ. ಅದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯ, ಬೀಜಕ್ಕೆ ಒಂದು ಹಿಡಿ ಅಕ್ಕಿ ರವೆ ಬೆರೆಸಿ ಚೆಲ್ಲುವುದು. ಇರುವೆ ರವೆಯನ್ನು ಒಯ್ಯುತ್ತದೆ, ಬೀಜ ನಮಗೆ ಉಳಿಯುತ್ತದೆ. ಬೀಜವೂ ಒತ್ತೊತ್ತಾಗಿ ಬೀಳುವುದಿಲ್ಲ. ಇಪ್ಪತ್ತೈದು ಮೂವತ್ತು ದಿನಕ್ಕೆ ಸೊಪ್ಪು ಕೀಳಬಹುದು.

ಬದನೆ, ಮೆಣಸು, ಟೊಮೇಟೊಗಳಿಗೆ ಸಸಿ ಮಾಡಿಯೇ ನೆಡಬೇಕು. ಇಲ್ಲಿ ಕಾಫಿ ಬೆಳೆಗಾರರಿಗೆ ಕಲಿಸುವಂಥದ್ದೇನೂ ಇಲ್ಲ. ಆರು ಪಾಲು ಕಾಡುಮಣ್ಣು, ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಎಂದು ಕಾಫಿ ಸಸಿ ಚೀಲ ತುಂಬುತ್ತೇವಲ್ಲ, ಅದೇ ಮಿಶ್ರಣದಲ್ಲಿ ಎರಡು ಬುಟ್ಟಿ ತೆಗೆದಿಟ್ಟರಾಯಿತು. ಪ್ಲಾಸ್ಟಿಕ್ ಚೀಲವೂ ಬೇಡ, ಅಡಿಕೆ ಹಾಳೆಯನ್ನು ನೆನೆಸಿ ಮಡಿಚಿ ಕಡ್ಡಿ ಚುಚ್ಚಿದರೆ ದೊನ್ನೆಯಾಗುತ್ತದೆ. ತಳಕ್ಕೆ ಎರಡು ತೂತು ಮಾಡಲು ಮರೆಯಬಾರದು. ಮೇಲೆ ಅಡಿಕೆ ಸೋಗೆಯ ತೆಳು ಚಪ್ಪರ. ನಾಲ್ಕು ವಾರಕ್ಕೆ ಸಸಿ ನಾಲ್ಕೈದು ಎಲೆ ಬಿಟ್ಟಾಗ ಒಂದು ವಾರ ದಿನದಿನಕ್ಕೆ ಬಿಸಿಲು ಹೆಚ್ಚಿಸುತ್ತ ಬಂದು, ಸಂಜೆ ಹೊತ್ತು ನೆಡಿ. ಬದನೆಗೆ ಎರಡು ಅಡಿ ಅಂತರ ಬೇಕು.

ಸಸಿಗಳು ಬುಡದಲ್ಲಿ ನೂಲಿನಂತಾಗಿ ಮಗುಚಿ ಬಿದ್ದರೆ ಅದು ಬುಡಕೊಳೆ. ಕಾರಣ ಹೆಚ್ಚಾಗಿ ನಮ್ಮ ಪ್ರೀತಿಯೇ: ಬೆಳಿಗ್ಗೆ ಒಬ್ಬರು, ಸಂಜೆ ಇನ್ನೊಬ್ಬರು ನೀರು ಹಾಕುವುದು. ಮಣ್ಣಿಗೆ ಬೆರಳಿಟ್ಟು ನೋಡಿ, ಒಂದು ಗೆಣ್ಣಿನ ಆಳಕ್ಕೆ ಒಣಗಿದ್ದರೆ ಮಾತ್ರ ನೀರು ಕೊಡಿ.

ನೀರಿನ ಲೆಕ್ಕ

ತೋಟಕ್ಕೇ ನೀರಿಲ್ಲ, ಹಿತ್ತಲಿಗೆ ಎಲ್ಲಿಂದ ತರುವುದು ಎಂಬ ಪ್ರಶ್ನೆ ನ್ಯಾಯವೇ. ಹತ್ತು ಅಡಿ ಉದ್ದದ ಒಂದು ಮಡಿಗೆ ಬಿರುಬೇಸಿಗೆಯಲ್ಲಿ ದಿನಕ್ಕೆ ಹದಿನೈದು ಇಪ್ಪತ್ತು ಲೀಟರ್, ಅಂದರೆ ಹೆಚ್ಚೆಂದರೆ ಎರಡು ಕೊಡ ಸಾಕು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಸೇರಿದರೆ ಅದರಲ್ಲಿ ಅರ್ಧ ಅಡಿಗೆಮನೆಯಲ್ಲೇ ಸಿಕ್ಕಿತು. ಸೋಪಿನ ನೀರನ್ನು ಬಾಳೆ, ಕೆಸವಿನ ಬುಡಕ್ಕೆ ಬಿಡಿ, ಸೊಪ್ಪಿನ ಮಡಿಗೆ ಬೇಡ.

ಮಡಿಯ ಮೇಲೆ ಸೋಗೆ, ತರಗು, ಅಡಿಕೆ ಸಿಪ್ಪೆಯ ಹೊದಿಕೆ ಹಾಕಿದರೆ ದಿನ ಬಿಟ್ಟು ದಿನ ನೀರು ಕೊಟ್ಟರೂ ನಡೆದೀತು. ಬಳ್ಳಿ ತರಕಾರಿಗೆ ಮಡಕೆ ಹೂಳುವ ಹಳೆಯ ಕ್ರಮ ಈಗಲೂ ಒಳ್ಳೆಯದೇ. ಮೆರುಗಿಲ್ಲದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ಸುತ್ತ ಮೂರು ನಾಲ್ಕು ಬೀಜ ಊರಿ, ಮಡಕೆ ತುಂಬಿ ಬಾಯಿ ಮುಚ್ಚಿಡಿ. ನೀರು ತಾನೇ ಒಸರುತ್ತದೆ, ಬೇರು ಅದನ್ನು ಹುಡುಕಿಕೊಂಡು ಹೋಗುತ್ತದೆ.

ಯಾವುದು ಯಾವಾಗ

ಮಾರ್ಚ್ ಮೊದಲಲ್ಲಿ ಮೊಗೆ, ಸೌತೆ, ಕುಂಬಳ ಊರಿದರೆ ಮೇ ಕೊನೆಗೆ ಕಾಯಿ ಬಲಿತು ಅಟ್ಟಕ್ಕೆ ಏರುತ್ತದೆ. ಬಾಳೆ ನಾರಿನಲ್ಲಿ ಕಟ್ಟಿ, ಒಂದಕ್ಕೊಂದು ತಾಗದಂತೆ ತೂಗುಹಾಕಬೇಕು. ಯುಗಾದಿಯ ಆಸುಪಾಸಿನಲ್ಲಿ ಊರಿದ ಬೆಂಡೆ, ಅಲಸಂದೆಗಳು ಐವತ್ತು ದಿನಕ್ಕೆ ಕೈಗೆ ಬಂದು, ದೊಡ್ಡ ಮಳೆಗೆ ಮೊದಲು ಫಸಲು ಕೊಡುತ್ತವೆ. ಬಸಳೆಗೆ ಮೂರು ನಾಲ್ಕು ಗೆಣ್ಣಿನ ಬಳ್ಳಿ ತುಂಡು ಸಾಕು.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಏಪ್ರಿಲ್ ಕೊನೆಯಿಂದ ಮೇ ಎರಡನೆಯ ವಾರದೊಳಗಿನ ಈ ಮಳೆಗೆ ಶುಂಠಿ, ಅರಿಶಿನ, ಕೆಸವು ಮಣ್ಣು ಸೇರಬೇಕು. ಸುವರ್ಣಗೆಡ್ಡೆಯನ್ನು ಅದಕ್ಕೂ ಮೊದಲೇ ನೆಟ್ಟರೆ ಲಾಭ: ಎರಡು ಅಡಿಯ ಗುಂಡಿ, ಕಣ್ಣಿರುವ ಅರ್ಧ ಕಿಲೋದಿಂದ ಒಂದು ಕಿಲೋ ತೂಕದ ಹೋಳು, ಸಗಣಿ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಆರಿಸಿ ನೆಡುವುದು. ಮಂಗನ ಕಾಟವಿರುವಲ್ಲಿ ಗೆಡ್ಡೆಗಳೇ ಹೆಚ್ಚು ಭರವಸೆಯವು. ರೋಹಿಣಿ ಮಳೆಗೆ, ಅಂದರೆ ಮೇ ಕೊನೆಗೆ, ಮಳೆಗಾಲದ ಹೀರೆ, ಪಡವಲ, ಬೆಂಡೆಯ ಎರಡನೆಯ ಸಾಲು.

ನಾವು ಮಾಡಿದ ತಪ್ಪು

ಇಷ್ಟೆಲ್ಲ ಹೇಳುವ ನಾವೇ ಒಂದು ವರ್ಷ ಹಿತ್ತಲನ್ನು ಪೂರ್ತಿ ಕಳೆದುಕೊಂಡೆವು. ಗದ್ದೆಬದುವಿನ ಅಗಲ ಎಲೆಯ ಕಳೆಗೆ 2,4-ಡಿ ಹೊಡೆದ ಪಂಪನ್ನು ಒಂದು ಸಲ ನೀರಿನಲ್ಲಿ ತೊಳೆದು, ಅದರಲ್ಲೇ ಬೇವಿನೆಣ್ಣೆ ಕಲಸಿ ಹಿತ್ತಲಿನ ಗಿಡಗಳಿಗೆ ಹೊಡೆದೆವು. ಎರಡು ಮೂರು ದಿನದಲ್ಲಿ ಟೊಮೇಟೊ ಎಲೆ ಜರಿಗಿಡದ ಸುರುಳಿಯಂತೆ ಮುದುಡಿತು, ಬೆಂಡೆಯ ಕುಡಿ ತಿರುಚಿತು, ಮೊಗೆಬಳ್ಳಿ ಹೂ ಬಿಡುವ ಮೊದಲೇ ಸತ್ತಿತು. ರೋಗವೆಂದು ತಿಳಿದು ಮತ್ತೊಂದು ಔಷಧಿ ಹೊಡೆದದ್ದು ಇನ್ನೊಂದು ಮೂರ್ಖತನ. ಪಂಪಿನ ತಳದಲ್ಲಿ, ಕೊಳವೆಯಲ್ಲಿ ಉಳಿದ ಚೂರೇ ಚೂರು ಕಳೆನಾಶಕ ಇಷ್ಟು ಮಾಡಿತ್ತು.

ಟೊಮೇಟೊ ಹೋದದ್ದಕ್ಕೆ ದುಃಖವಿಲ್ಲ. ಆ ಮೊಗೆ ನಮ್ಮ ಮನೆಯ ಹಿರಿಯರು ಸೊಸೆಯಾಗಿ ಬಂದಾಗ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದ ಬೀಜದ್ದು. ಹಸಿರು ಪಟ್ಟೆ, ದಪ್ಪ ತಿರುಳು, ದೀಪಾವಳಿಯವರೆಗೂ ಕೆಡದ ಕಾಯಿ. ಇದ್ದ ಬೀಜವನ್ನೆಲ್ಲ ಆ ವರ್ಷ ಊರಿಬಿಟ್ಟಿದ್ದೆವು, ಒಂದು ಹಿಡಿಯನ್ನೂ ಉಳಿಸಿರಲಿಲ್ಲ. ಅವರು ಬೈಯಲಿಲ್ಲ, ಸತ್ತ ಬಳ್ಳಿಯನ್ನು ತಾವೇ ಎಳೆದು ಗುಂಡಿಗೆ ಹಾಕಿ ಒಳಗೆ ಹೋದರು. ನಮಗೆ ಬೈದಿದ್ದರೇ ಮೇಲಾಗಿತ್ತು.

ಬೀಜ ಮರಳಿ ಸಿಕ್ಕಿದ್ದು ನಾವು ಜಾಣರೆಂದಲ್ಲ. ಹಿಂದೊಮ್ಮೆ ಪಕ್ಕದ ಊರಿನ ನೆಂಟರಿಗೆ ಅವರು ಒಂದು ಮುಷ್ಟಿ ಕೊಟ್ಟಿದ್ದರು. ಆ ಮನೆಯವರು ಬೀಜವನ್ನು ಸಗಣಿಯಲ್ಲಿ ಕಲಸಿ ಕೊಟ್ಟಿಗೆಯ ಗೋಡೆಗೆ ತಟ್ಟಿ ಕಾಪಾಡಿಕೊಂಡು ಬಂದಿದ್ದರು. ಆ ಬೆರಣಿಯಲ್ಲಿ ಹದಿನಾಲ್ಕು ಬೀಜ ನಮಗೆ ಬಂತು, ಒಂಬತ್ತು ಮೊಳೆಯಿತು. ಕೊಟ್ಟದ್ದೇ ಉಳಿಯಿತು, ಇಟ್ಟುಕೊಂಡದ್ದು ಹೋಯಿತು.

ಆದ್ದರಿಂದ ಕಳೆನಾಶಕದ ಪಂಪು ಬೇರೆ, ಉಳಿದ ಕೆಲಸದ ಪಂಪು ಬೇರೆ ಇರಲಿ. ಬಣ್ಣ ಬಳಿದು ಗುರುತು ಮಾಡಿ. ಔಷಧಿಯ ಖಾಲಿ ಡಬ್ಬವನ್ನು ಎಷ್ಟೇ ತೊಳೆದರೂ ಗಿಡಕ್ಕೆ ನೀರು ಹಾಕಲು, ಬೀಜವಿಡಲು ಬಳಸಕೂಡದು. ತೂತು ಮಾಡಿ ಬೇರೆ ಇಡಿ. ತೋಟಕ್ಕೆ ಸಿಂಪಡಿಸುವ ದಿನ ಗಾಳಿ ಹಿತ್ತಲ ಕಡೆಗಿದೆಯೇ ಎಂದು ನೋಡಿಕೊಳ್ಳಿ. ಆ ಹಿತ್ತಲ ಸೊಪ್ಪು ತಿನ್ನುವವರು ನಮ್ಮ ಮಕ್ಕಳೇ.

ರೋಗ, ಹುಳ

ಬೆಂಡೆಯ ಎಲೆನರ ಹಳದಿಯಾದರೆ ಅದು ಬಿಳಿನೊಣ ಹರಡುವ ನಂಜುರೋಗ; ಮದ್ದಿಲ್ಲ, ಮೊದಲ ಗಿಡ ಕಂಡಾಗಲೇ ಕಿತ್ತು ಹೂಳಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆಯನ್ನು ಈ ರೋಗ ತಡೆಯಲೆಂದೇ ರೂಪಿಸಿದ್ದು. ಬದನೆ, ಟೊಮೇಟೊ ಹಸಿರಾಗಿರುವಾಗಲೇ ಬಾಡಿ ಬಿದ್ದರೆ ದುಂಡಾಣು ಸೊರಗು. ಶುಂಠಿ ಸೊರಗಿದ ಜಾಗದಲ್ಲಿ ಮರುವರ್ಷ ಬದನೆ ಬೇಡ. ಎರಡಕ್ಕೂ ಕುತ್ತು ತರುವುದು ಒಂದೇ ಜಾತಿಯ ದುಂಡಾಣು. ಬದನೆಯನ್ನು ಕಾಡು ಸುಂಡೆಯ ಬೇರಿಗೆ ಕಸಿ ಕಟ್ಟಿದರೆ ತಡೆದುಕೊಳ್ಳುತ್ತದೆ. ಕಾಳುಮೆಣಸಿಗೆ ಕಸಿ ಕಟ್ಟಬಲ್ಲ ಕೈಗಳಿಗೆ ಇದು ಕಷ್ಟವಲ್ಲ.

ಹಾಗಲ, ಹೀರೆಗೆ ಹಣ್ಣುನೊಣದ ಕಾಟ. ಎಳೆಗಾಯಿಗೆ ಕಾಗದದ ಚೀಲ ತೊಡಿಸಿ, ಕೊಳೆತು ಬಿದ್ದ ಕಾಯಿಗಳನ್ನು ಹೆಕ್ಕಿ ಆಳಕ್ಕೆ ಹೂಳಿ. ಬಳ್ಳಿಯಲ್ಲಿ ಮೊದಲು ಗಂಡು ಹೂಗಳೇ ಬರುತ್ತವೆ, ಉದುರಿದವೆಂದು ಗಾಬರಿ ಬೇಡ. ಹೆಣ್ಣು ಹೂವೂ ಉದುರತೊಡಗಿದರೆ ಜೇನು ಬರುತ್ತಿಲ್ಲವೆಂದರ್ಥ. ಕುಂಬಳಕ್ಕಾದರೆ ಬೆಳಿಗ್ಗೆ ಬೇಗನೆ ಗಂಡು ಹೂ ಕಿತ್ತು ಹೆಣ್ಣು ಹೂವಿನೊಳಗೆ ಮೆಲ್ಲನೆ ಉಜ್ಜಬೇಕು.

ಕೊನೆಯದಾಗಿ

ಪ್ರತಿ ಜಾತಿಯ ಒಂದು ಒಳ್ಳೆಯ ಗಿಡದ ಎರಡನೆಯ ಮೂರನೆಯ ಕಾಯಿಯನ್ನು ಬೀಜಕ್ಕೆ ಬಿಡಿ. ಕೊನೆಯ ಕುಗ್ಗಿದ ಕಾಯಿಯನ್ನು ಬೀಜಕ್ಕೆಂದು ಬಿಡುವುದು ನಮ್ಮೆಲ್ಲರ ಕೆಟ್ಟ ಅಭ್ಯಾಸ. ಒಣಗಿಸಿದ ಬೀಜಕ್ಕೆ ಬೂದಿ ಬೆರೆಸಿ, ಮೂರು ಪಾಲು ಮಾಡಿ: ಒಂದು ಊರಲು, ಒಂದು ಮರುವರ್ಷಕ್ಕೆ, ಒಂದು ಬೇರೆ ಮನೆಗೆ.

ಮೂರನೆಯ ಪಾಲಿಗೆ ಒಂದು ದಾರಿ ಹೇಳಿ ಮುಗಿಸುತ್ತೇವೆ. ಗೊಬ್ಬರ, ಮೈಲುತುತ್ತ ಒಯ್ಯಲು ಸಂಘದ ಮಳಿಗೆಗೆ ನಾವೆಲ್ಲ ಬಂದೇ ಬರುತ್ತೇವೆ. ಬರುವಾಗ ಕಿಸೆಯಲ್ಲಿ ಒಂದು ಪೊಟ್ಟಣ ಬೀಜವಿರಲಿ. ಹೆಸರು ಗೊತ್ತಿದ್ದರೆ ಮೇಲೆ ಬರೆಯಿರಿ, ಇಲ್ಲದಿದ್ದರೆ ಯಾರ ಮನೆಯದೆಂದು ಬರೆದರೂ ಸಾಕು. ಕ್ಯೂನಲ್ಲಿ ಮುಂದೆ ನಿಂತವರ ಕೈಗೆ ಕೊಡಿ. ನಮ್ಮ ಮೊಗೆಯ ಬೀಜ ಈ ಸಲ ಹನ್ನೆರಡು ಪೊಟ್ಟಣವಾಗಿದೆ, ಬಂದವರಿಗೆ ಕೊಡುತ್ತೇವೆ. ಒಂದು ಷರತ್ತು: ಮುಂದಿನ ವಸಂತದಲ್ಲಿ ನಮ್ಮಲ್ಲಿ ಬೀಜ ಇಲ್ಲವಾದರೆ ನಿಮ್ಮ ಬಾಗಿಲಿಗೆ ಬರುತ್ತೇವೆ.