ಗಾಂಜಾ: ನಮ್ಮ ತಾಲ್ಲೂಕುಗಳಲ್ಲಿ ಓಡಾಡುವ ತಪ್ಪು ಮಾತುಗಳು

ಮಾದಕ ವಸ್ತು ಎಂದರೆ ಬೆಂಗಳೂರಿನ ಪಾರ್ಟಿಗಳ ಸುದ್ದಿ ಎಂದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಕಡೆ ಇನ್ನೂ ನಂಬುವವರಿದ್ದಾರೆ. ಈ ನಂಬಿಕೆಯಿಂದ ಮೊದಲು ಕೆಡುವವನು ರೈತ, ಆಮೇಲೆ ಅವನ ಮಗ. ಹಾಗಾಗಿ ಕಟ್ಟೆಯ ಮೇಲೆ ಕೇಳಿಬರುವ ಮಾತುಗಳನ್ನೇ ಇಲ್ಲಿ ಎತ್ತಿಕೊಂಡಿದ್ದೇನೆ.

"ಮೆಕ್ಕೆಜೋಳದ ನಡುವೆ ನಾಲ್ಕು ಗಿಡ, ಅದೇನು ದೊಡ್ಡ ಅಪರಾಧವೇ?"

ಎಲ್ಲಕ್ಕಿಂತ ಅಪಾಯದ ಮಾತು ಇದು. 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಇಟ್ಟುಕೊಂಡವರನ್ನು ತೂಕ ನೋಡಿ ವಿಂಗಡಿಸುತ್ತದೆ: 1 ಕಿಲೋವರೆಗೆ ಅಲ್ಪ ಪ್ರಮಾಣ, 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ. ಬೆಳೆದವನಿಗೆ ಈ ವಿಂಗಡಣೆ ಇಲ್ಲ. 20ನೇ ಸೆಕ್ಷನ್ ಪ್ರಕಾರ ಗಿಡ ಬೆಳೆಸಿದ್ದಕ್ಕೆ 10 ವರ್ಷದವರೆಗೆ ಕಠಿಣ ಸಜೆ, ಜೊತೆಗೆ 1 ಲಕ್ಷ ರೂಪಾಯಿವರೆಗೆ ದಂಡ. ಗಿಡ ನಾಲ್ಕೋ ನಲವತ್ತೋ ಎಂದು ಆ ಸೆಕ್ಷನ್ ಎಣಿಸುವುದಿಲ್ಲ.

ಮುಂಗಾರಿಗೆ ಬಿತ್ತಿದ ಮೆಕ್ಕೆಜೋಳ ಸೂಲಂಗಿ ಬಿಡುವ ಹೊತ್ತಿಗೆ ಆಳೆತ್ತರ ಮೀರಿರುತ್ತದೆ. ಬದುವಿನ ಮೇಲೆ ನಿಂತವರಿಗೆ ಒಳಗಿನ ಸಾಲು ಕಾಣದು. ಆ ಮರೆಯ ಆಸೆ ತೋರಿಸಿ ಬೀಜ ಕೊಟ್ಟುಹೋದ ದಲ್ಲಾಳಿಯ ಹೆಸರು ಪಹಣಿಯಲ್ಲಿ ಇರುವುದಿಲ್ಲ; ರೈತನದು ಇರುತ್ತದೆ. ಲಾಭ ಅವನಿಗೆ, ಜೈಲು ಇವನಿಗೆ. 2020ರ ಸೆಪ್ಟೆಂಬರ್‌ನಲ್ಲಿ ನೆರೆಯ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಎಕರೆಗಟ್ಟಲೆ ಗಾಂಜಾ ಬೆಳೆ ಪತ್ತೆಯಾದದ್ದನ್ನು ಜಗಳೂರಿನವರು ಮರೆತಿರಲಾರರು.

"ಹೊಲ ಗುತ್ತಿಗೆಗೆ ಕೊಟ್ಟಿದ್ದೇನೆ, ನನಗೇನು ಸಂಬಂಧ?"

ಸಂಬಂಧ ಇದೆ. ತನ್ನ ಜಮೀನಿನಲ್ಲಿ ಅಕ್ರಮ ಬೆಳೆ ಇದ್ದರೆ ಕೂಡಲೇ ತಿಳಿಸುವುದು 46ನೇ ಸೆಕ್ಷನ್ ಪ್ರಕಾರ ಭೂಹಿಡುವಳಿದಾರನ ಕರ್ತವ್ಯ. ಗೊತ್ತಿದ್ದೂ ಸುಮ್ಮನಿದ್ದರೆ ಅದೂ ಅಪರಾಧ.

"ಭಂಗಿ ಸೊಪ್ಪಿಗೆ ಕೇಸಿಲ್ಲ"

ಅರ್ಧ ಸತ್ಯ. ಹೂತೆನೆ ಇಲ್ಲದ ಬರೀ ಎಲೆ, ಬೀಜ ಈ ಕಾಯ್ದೆಯ ಪ್ರಕಾರ ಗಾಂಜಾ ಅಲ್ಲ. ಆದರೆ ಎಲೆ ಬಿಡುವ ಗಿಡವನ್ನು ಬೆಳೆಸುವುದೇ ಅಪರಾಧ. ಸೊಪ್ಪಿನ ನೆಪ ಹೊಲದಲ್ಲಿ ನಿಲ್ಲುವುದಿಲ್ಲ.

"ಹೊರಗಿನ ಮಾಲೆಲ್ಲ ನೇರ ಬೆಂಗಳೂರಿಗೆ ಹೋಗುತ್ತದೆ"

ಆಂಧ್ರ–ಒಡಿಶಾ ಗಡಿಯ ಬೆಟ್ಟಗಳಲ್ಲಿ ಬೆಳೆದ ಗಾಂಜಾ ಕರ್ನಾಟಕಕ್ಕೆ ಬರುತ್ತದೆ ನಿಜ. 2021ರಲ್ಲಿ ಆಂಧ್ರ ಪೊಲೀಸರು 'ಪರಿವರ್ತನ' ಕಾರ್ಯಾಚರಣೆ ನಡೆಸಿ ಸಾವಿರಾರು ಎಕರೆ ಬೆಳೆ ನಾಶ ಮಾಡಿದರೂ ಸಾಗಣೆ ನಿಂತಿಲ್ಲ. ಆದರೆ ಈ ಮಾಲಿಗೆ ದಾರಿಯಲ್ಲಿ ಅಡಗುತಾಣ ಬೇಕು, ಅದಕ್ಕೆ ಹಳ್ಳಿಯೇ ಅನುಕೂಲ. 2020ರಲ್ಲಿ ಬೆಂಗಳೂರು ಪೊಲೀಸರು 1,300 ಕಿಲೋಗೂ ಹೆಚ್ಚು ಗಾಂಜಾ ಹಿಡಿದದ್ದು ಕಲಬುರಗಿ ಜಿಲ್ಲೆಯ ಒಂದು ಕುರಿ ಫಾರಂನಲ್ಲಿ, ನೆಲದಡಿಯ ಗುಂಡಿಯಲ್ಲಿ. ನಮ್ಮ ಜಿಲ್ಲೆಯನ್ನು ರಾಷ್ಟ್ರೀಯ ಹೆದ್ದಾರಿ 48 ಸೀಳಿಕೊಂಡು ಹೋಗುತ್ತದೆ. ನಾವು ದಾರಿಯಿಂದ ದೂರವಿಲ್ಲ.

"ಮೆಡಿಕಲ್ ಶಾಪಿನ ಮಾತ್ರೆ ನಶೆಯಲ್ಲ"

ಟ್ರಮಡಾಲ್ ನೋವಿನ ಮಾತ್ರೆಯನ್ನು 2018ರಲ್ಲಿ ಇದೇ ಕಾಯ್ದೆಯಡಿ ತರಲಾಗಿದೆ. ಆಲ್‌ಪ್ರಜೋಲಂ ನಿದ್ದೆಮಾತ್ರೆಯೂ ಇದರ ವ್ಯಾಪ್ತಿಯಲ್ಲಿದೆ. ಚೀಟಿ ಇಲ್ಲದೆ ಇವನ್ನು ಕೊಡುವ ಅಂಗಡಿಯವನು ಉಪಕಾರ ಮಾಡುತ್ತಿಲ್ಲ.

"ಮಗ ಸೇದುತ್ತಾನೆ ಎಂದು ಬಾಯಿಬಿಟ್ಟರೆ ಅವನಿಗೆ ಜೈಲೇ ಗತಿ"

ಈ ಭಯಕ್ಕೇ ಎಷ್ಟೋ ತಾಯಂದಿರು ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿರುತ್ತಾರೆ. ನೋಡಿ ಸಂಕಟವಾಗುತ್ತದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ 64ಎ ಸೆಕ್ಷನ್ ಅವನಿಗೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಪೂರ್ತಿ ಮಾಡಬೇಕು, ನಡುವೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಕರೆ ಉಚಿತ.

"ಸುದ್ದಿ ಕೊಟ್ಟರೆ ನಮ್ಮ ಹೆಸರು ಹೊರಬೀಳುತ್ತದೆ"

ಮಾಹಿತಿ ಎಲ್ಲಿಂದ ಬಂತು ಎಂದು ಹೇಳುವಂತೆ ಅಧಿಕಾರಿಯನ್ನು ಯಾರೂ ಬಲವಂತ ಮಾಡುವಂತಿಲ್ಲ ಎಂದು 68ನೇ ಸೆಕ್ಷನ್ ಹೇಳುತ್ತದೆ. 2024ರ ಜುಲೈನಿಂದ ಕೇಂದ್ರ ಸರ್ಕಾರದ 'ಮಾನಸ್' ಸಹಾಯವಾಣಿಯೂ ಇದೆ. ಅದರ ಸಂಖ್ಯೆ 1933. ಊರಿನ ಹುಡುಗರಿಗೆ ಪೊಟ್ಟಣ ತಂದುಕೊಡುವವನು ಯಾರೆಂದು ಗೊತ್ತಿದ್ದರೆ ದಯವಿಟ್ಟು ಇವತ್ತೇ ಫೋನ್ ಮಾಡಿ.