ಕಲ್ನಾರಿನ ಧೂಳು ಮತ್ತು ಉದರದ ಅಪರೂಪದ ಅರ್ಬುದ

ಬಳ್ಳಾರಿಯ ಕಂಟೋನ್ಮೆಂಟ್ ಪ್ರದೇಶದ ನಮ್ಮ ಚಿಕಿತ್ಸಾಲಯಕ್ಕೆ ಕೆಲವು ವರ್ಷಗಳ ಹಿಂದೆ ಹಿರಿಯರೊಬ್ಬರು ಉಬ್ಬಿದ ಹೊಟ್ಟೆಯೊಡನೆ ಬಂದಿದ್ದರು. ಹಸಿವಿರಲಿಲ್ಲ, ಮೈ ಸೊರಗಿತ್ತು. ಜಲೋದರವೆಂದು ಬಗೆದು ಮೂರು ವಾರ ಪುನರ್ನವೆಯ ಕಷಾಯ ಕೊಟ್ಟೆವು. ಹೊಟ್ಟೆ ಇಳಿಯಲಿಲ್ಲ. ಬಳಿಕ ದೊಡ್ಡ ಆಸ್ಪತ್ರೆಯಲ್ಲಿ ಉದರದ ಒಳಪೊರೆಯ ತುಣುಕನ್ನು ಪರೀಕ್ಷಿಸಿದಾಗ ಮೀಸೋಥೀಲಿಯೋಮ ಎಂಬ ಅರ್ಬುದ ಕಂಡುಬಂದಿತು. ಯೌವನದಲ್ಲಿ ಅವರು ಸಿರುಗುಪ್ಪ, ಕುರುಗೋಡು ಕಡೆ ಸಿಮೆಂಟ್ ಶೀಟು ಕೊಯ್ದು ಹೊದಿಸುವ ಕೆಲಸದಲ್ಲಿದ್ದರಂತೆ. ಆ ಪ್ರಶ್ನೆಯನ್ನು ನಾವು ಮೊದಲ ದಿನವೇ ಕೇಳಬೇಕಿತ್ತು.

ಆಸ್‌ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಎಂದು ಹೆಸರು. ನಮ್ಮ ಹೊಳೆನರಸೀಪುರದ ಸುತ್ತಲೂ, ನೆರೆಯ ಆಂಧ್ರದ ಪುಲಿವೆಂದುಲದಲ್ಲೂ ಇದರ ನಿಕ್ಷೇಪಗಳಿವೆ. ಇದರ ಸೂಕ್ಷ್ಮ ಎಳೆಗಳು ಉಸಿರಿನೊಡನೆ ಒಳಹೊಕ್ಕರೆ ಕರಗುವುದಿಲ್ಲ. ಅವುಗಳಿಂದ ಶ್ವಾಸಕೋಶದ ಹೊರಪೊರೆಯಲ್ಲಿ, ವಿರಳವಾಗಿ ಉದರದ ಒಳಪೊರೆಯಲ್ಲಿ ಅರ್ಬುದ ಹುಟ್ಟಬಹುದು. ಅದು ತಲೆದೋರಲು 20ರಿಂದ 40 ವರ್ಷಗಳೇ ಹಿಡಿಯುತ್ತವೆ. ಈ ನಂಟನ್ನು 1960ರಲ್ಲಿ ದಕ್ಷಿಣ ಆಫ್ರಿಕದ ವ್ಯಾಗ್ನರ್ ಮತ್ತು ಸಂಗಡಿಗರು ಗಣಿ ಪ್ರದೇಶದ ರೋಗಿಗಳಲ್ಲಿ ತೋರಿಸಿಕೊಟ್ಟರು. ಕಲ್ನಾರಿನ ಸಂಪರ್ಕವಿಲ್ಲದವರಲ್ಲೂ ಉದರದ ಈ ರೋಗ ಕಾಣಿಸಿಕೊಳ್ಳುವುದುಂಟು.

ಹಿಂದೆ ಈ ರೋಗ ಪತ್ತೆಯಾದವರು ಬಹುತೇಕ ಒಂದು ವರ್ಷ ಬದುಕುವುದೇ ಕಷ್ಟವಾಗಿತ್ತು. ಇಂದು ಸ್ಥಿತಿ ಬದಲಾಗಿದೆ. ಕಣ್ಣಿಗೆ ಕಾಣುವ ಗಡ್ಡೆಗಳನ್ನೆಲ್ಲ ಶಸ್ತ್ರಚಿಕಿತ್ಸೆಯಿಂದ ತೆಗೆದು, ಸುಮಾರು 42 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದ ಔಷಧದ್ರವವನ್ನು ಹೊಟ್ಟೆಯೊಳಗೆ ಒಂದರಿಂದ ಒಂದೂವರೆ ಗಂಟೆ ಹರಿಸುತ್ತಾರೆ. ಇದನ್ನು ಹೈಪೆಕ್ ಎನ್ನುತ್ತಾರೆ. 2009ರಲ್ಲಿ ಪ್ರಕಟವಾದ, ಹಲವು ದೇಶಗಳ 405 ರೋಗಿಗಳ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಮಂದಿ ಐದು ವರ್ಷ ಬದುಕಿದ್ದರು. ಆದರೆ ಅವರೆಲ್ಲ ಇಂಥ ದೊಡ್ಡ ಶಸ್ತ್ರಚಿಕಿತ್ಸೆಯನ್ನು ತಾಳಬಲ್ಲವರೆಂದು ಆರಿಸಲ್ಪಟ್ಟವರು ಎಂಬುದನ್ನು ಮರೆಯಬಾರದು. ಉಳಿದವರಿಗೆ ಪೆಮೆಟ್ರೆಕ್ಸೆಡ್ ಮತ್ತು ಸಿಸ್‌ಪ್ಲಾಟಿನ್ ಔಷಧಗಳು ಆಸರೆ. ದೇಹದ ರೋಗನಿರೋಧಕ ಶಕ್ತಿಯನ್ನೇ ಅರ್ಬುದದ ಮೇಲೆ ತಿರುಗಿಸುವ ನಿವೋಲುಮ್ಯಾಬ್, ಇಪಿಲಿಮುಮ್ಯಾಬ್ ಜೋಡಿಗೆ ಶ್ವಾಸಕೋಶದ ಪೊರೆಯ ರೋಗಕ್ಕಾಗಿ 2020ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಉದರದ ರೋಗದಲ್ಲಿ ಅದರ ಪರಿಶೀಲನೆ ನಡೆದಿದೆ. ಔಷಧವನ್ನು ಒತ್ತಡದ ತುಂತುರಾಗಿ ಹೊಟ್ಟೆಯೊಳಗೆ ಸಿಂಪಡಿಸುವ ಕ್ರಮವೂ ಸಂಶೋಧನೆಯಲ್ಲಿದೆ.

ಆಯುರ್ವೇದವು ಎಂಟು ಬಗೆಯ ಉದರರೋಗಗಳನ್ನು ಹೇಳಿದೆ. ನೀರು ತುಂಬಿದ ಹೊಟ್ಟೆಯಿಂದ ನೀರು ತೆಗೆಯುವ ವಿಧಾನವನ್ನು ಸುಶ್ರುತರು ವಿವರಿಸಿದ್ದಾರೆ. ಆದರೆ ಈ ಅರ್ಬುದವನ್ನು ಗುಣಪಡಿಸುವ ಮೂಲಿಕೆ ನಮ್ಮ ಬಳಿ ಇಲ್ಲವೆಂದು ಸ್ಪಷ್ಟವಾಗಿ ಹೇಳುವುದು ನಮ್ಮ ಧರ್ಮ. ಪಥ್ಯ, ನಿದ್ರೆ, ಮನೋಬಲಗಳ ವಿಷಯದಲ್ಲಿ ನಾವು ನೆರವಾಗಬಲ್ಲೆವು. ಅದೂ ಅರ್ಬುದ ತಜ್ಞರಿಗೆ ತಿಳಿಸಿಯೇ. ಕಾರಣ, ಕೆಲವು ಮೂಲಿಕೆಗಳು ಅವರ ಔಷಧದೊಡನೆ ಹೊಂದುವುದಿಲ್ಲ.

ಕಲ್ನಾರಿನ ಶೀಟು ಸುಮ್ಮನೆ ಮಾಡಿನ ಮೇಲಿದ್ದರೆ ಭಯಪಡಬೇಕಿಲ್ಲ. ಕೊಯ್ಯುವಾಗ, ಕೊರೆಯುವಾಗ, ಒಡೆಯುವಾಗ ಏಳುವ ಧೂಳೇ ಅಪಾಯ. ಹಳೆಯ ಶೀಟು ತೆಗೆಯುವಾಗ ನೀರು ಚಿಮುಕಿಸಿ, ಒಡೆಯದೆ ಇಳಿಸಿ. ಬಟ್ಟೆಯ ಮುಸುಕು ಸಾಲದು, ತಕ್ಕ ಮುಖಗವಸು ಬೇಕು. ಧೂಳಿನ ಬಟ್ಟೆಯನ್ನು ಮನೆಗೆ ಒಯ್ಯಬೇಡಿ. ಕಲ್ನಾರು ಕೆಲಸಗಾರರ ಆರೋಗ್ಯ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಆದೇಶಿಸಿದೆ.

ಹೊಟ್ಟೆ ಉಬ್ಬಿ ಎರಡು ವಾರವಾದರೂ ಇಳಿಯದಿದ್ದರೆ ಕಷಾಯಕ್ಕೆ ಕಾಯದೆ ಸ್ಕ್ಯಾನ್ ಮಾಡಿಸಿರಿ. ಅದು ಕ್ಷಯವಾಗಿರಬಹುದು, ಯಕೃತ್ತಿನ ದೋಷವಾಗಿರಬಹುದು, ಅರ್ಬುದವೂ ಆಗಿರಬಹುದು. ವೈದ್ಯರು ಕೇಳದಿದ್ದರೂ ನಿಮ್ಮ ಹಳೆಯ ಕಾಯಕದ ವಿವರವನ್ನು ನೀವೇ ಹೇಳಿರಿ.