ಹೊಳೆ ನಡುವೆ ನಿಲ್ಲದ ಎಂಜಿನ್

ತಿ. ನರಸೀಪುರದಲ್ಲಿ ಕಪಿಲೆ, ಅಂದರೆ ಕಬಿನಿ, ಬಂದು ಕಾವೇರಿಯನ್ನು ಸೇರುತ್ತಾಳೆ. ಗುಪ್ತಗಾಮಿನಿ ಎಂದು ಜನ ನಂಬುವ ಸ್ಫಟಿಕ ಸರೋವರವೂ ಕೂಡಿ ಇದು ತ್ರಿವೇಣಿ ಸಂಗಮ. 1989ರಲ್ಲಿ ಇಲ್ಲಿ ಶುರುವಾದ ಕುಂಭಮೇಳ 2025ರ ಫೆಬ್ರುವರಿಯಲ್ಲೂ ನಡೆಯಿತು. ಮಾಘದ ಆ ದಿನಗಳಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ಭಕ್ತರು ಮೀಯುವ ಹೊಳೆಯೇ ಆಷಾಢ, ಶ್ರಾವಣದಲ್ಲಿ ಕೆಂಪಗೆ ಉಕ್ಕಿ ಮೆಟ್ಟಿಲು ಮುಳುಗಿಸುತ್ತದೆ. 2019ರ ಆಗಸ್ಟ್‌ನಲ್ಲಿ ಕಬಿನಿ ಜಲಾಶಯದಿಂದ ಒಂದು ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಹೊರಬಿಟ್ಟಾಗ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿತು, ಮೈಸೂರು ರಸ್ತೆಯ ಮೇಲೂ ಹೊಳೆ ಹರಿಯಿತು.

ಇಂಥ ಹೊತ್ತಿನಲ್ಲಿ ಹರಿಗೋಲು ಸಾಲದು. ಸೆಳೆತಕ್ಕೆ ಎದುರಾಗಿ ಹೋಗಬೇಕಾದ ರಕ್ಷಣಾ ತಂಡದ ರಬ್ಬರ್ ದೋಣಿಗೆ ಹಿಂಬದಿಯ ಹಲಗೆಗೆ ಬಿಗಿಯುವ ಔಟ್‌ಬೋರ್ಡ್ ಎಂಜಿನ್ ಬೇಕು. ಆ ಎಂಜಿನ್ ನಡುನೀರಿನಲ್ಲಿ ನಿಂತರೆ ಕಾಪಾಡಲು ಹೋದವರನ್ನೇ ಕಾಪಾಡಬೇಕಾಗುತ್ತದೆ. ಹಾಗೆ ನಿಲ್ಲಲು ಪದೇ ಪದೇ ಕಾಣುವ ಕಾರಣಗಳಲ್ಲಿ ಒಂದು: ಎಂಜಿನ್‌ಗೆ ಪೆಟ್ರೋಲ್ ಸರಿಯಾಗಿ ಸಿಗದಿರುವುದು. ಆ ದೋಷವನ್ನು ಹುಡುಕಿ ಸರಿಪಡಿಸುವ ಕಸುಬಿನ ಪರಿಚಯ ಇಲ್ಲಿದೆ.

ದೋಣಿಯ ಬೆನ್ನಿಗೆ ಎಂಜಿನ್

ದೋಣಿಗೆ ಸಿಕ್ಕಿಸಿ ಬಿಚ್ಚಬಹುದಾದ ಎಂಜಿನ್ನನ್ನು ಅಮೆರಿಕದಲ್ಲಿ ಜನಪ್ರಿಯಗೊಳಿಸಿದವರು ಓಲೆ ಎವಿನ್‌ರೂಡ್. ಅವರ ಮಾದರಿ ಮಾರುಕಟ್ಟೆಗೆ ಬಂದದ್ದು 1909ರಲ್ಲಿ. ನಮ್ಮಲ್ಲಿ ಇದು ಹೆಚ್ಚು ಕಾಣುವುದು ಕರಾವಳಿಯ ನಾಡದೋಣಿಗಳಲ್ಲಿ. ಅಲ್ಲಿನ ಅನೇಕ ಎಂಜಿನ್‌ಗಳು ಓಡುವುದು ಸೀಮೆಎಣ್ಣೆಯಲ್ಲಿ. ಪೆಟ್ರೋಲ್‌ನಲ್ಲಿ ಚಾಲೂ ಮಾಡಿ, ಕಾವೇರಿದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲ್‌ಗೆ ತಂದರೆ ಮಾತ್ರ ಮರುದಿನ ಬೆಳಗ್ಗೆ ಎಂಜಿನ್ ಸಲೀಸಾಗಿ ಎದ್ದೀತು. ಮೈಸೂರು ಸೀಮೆಯಲ್ಲಿ ಕಬಿನಿ ಹಿನ್ನೀರಿನ ಸಫಾರಿ ದೋಣಿಗಳಿಗೂ ಪ್ರವಾಹದ ರಕ್ಷಣಾ ದೋಣಿಗಳಿಗೂ ಇದೇ ಬಗೆಯ ಎಂಜಿನ್. ಕರಾವಳಿಯ ಎಂಜಿನ್ ಮೀನುಗಾರಿಕೆಯ ದಿನಗಳಲ್ಲಿ ನಿತ್ಯ ಓಡುತ್ತದೆ. ಪ್ರವಾಹದ ಎಂಜಿನ್ ವರ್ಷದ ಬಹುಪಾಲು ಶೆಡ್ಡಿನಲ್ಲೇ ಇರುತ್ತದೆ. ಕಷ್ಟ ಶುರುವಾಗುವುದು ಅಲ್ಲಿಂದಲೇ.

ಪೆಟ್ರೋಲ್ ಬರುವ ದಾರಿ

ದೋಣಿಯೊಳಗೆ ಒಂದು ಟ್ಯಾಂಕ್. ಮುಚ್ಚಳದ ಮೇಲೆ ಗಾಳಿಯಾಡಲು ಸಣ್ಣ ತಿರುಪು. ಟ್ಯಾಂಕ್‌ನಿಂದ ಹೊರಟ ರಬ್ಬರ್ ಪೈಪಿನ ನಡುವೆ ಕೈಯಲ್ಲಿ ಹಿಸುಕುವ ಬಲ್ಬು. ಪೈಪಿನ ತುದಿಯಲ್ಲಿ ಎಂಜಿನ್‌ಗೆ ಸಿಕ್ಕಿಸುವ ಕನೆಕ್ಟರ್. ಒಳಗೆ ಫಿಲ್ಟರ್, ಪಂಪು, ಕೊನೆಗೆ ಕಾರ್ಬ್ಯುರೇಟರ್. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಪಿಸ್ಟನ್ ಆಡುವಾಗ ಕ್ರ್ಯಾಂಕ್‌ಕೇಸ್‌ನ ಒತ್ತಡ ಏರಿಳಿಯುತ್ತದೆ. ಆ ಏರಿಳಿತಕ್ಕೆ ಪಂಪಿನ ತೆಳು ಪೊರೆ ಅತ್ತಿತ್ತ ಬಡಿದುಕೊಂಡು ಪೆಟ್ರೋಲನ್ನು ಎಳೆದು ಮುಂದಕ್ಕೆ ತಳ್ಳುತ್ತದೆ. ಈ ದಾರಿಯಲ್ಲಿ ಎಲ್ಲಿ ಗಾಳಿ ಹೊಕ್ಕರೂ, ಎಲ್ಲಿ ಕಸ ಕಟ್ಟಿದರೂ ಎಂಜಿನ್ ಮುಗ್ಗರಿಸಿ ನಿಲ್ಲುತ್ತದೆ.

ಬಲ್ಲ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ನೇರ ಕಾರ್ಬ್ಯುರೇಟರ್ ಬಿಚ್ಚುವುದಿಲ್ಲ. ಟ್ಯಾಂಕ್‌ನಿಂದ ಶುರುಮಾಡಿ ಒಂದೊಂದೇ ಹೆಜ್ಜೆ ಮುಂದಕ್ಕೆ ಬರುತ್ತಾನೆ. ಹೊಳೆಯಲ್ಲಿ ಇದ್ದಾಗ ಅದಕ್ಕೂ ಮೊದಲು ಹುಟ್ಟು ಕೈಗೆತ್ತಿಕೊಂಡು ದೋಣಿಯನ್ನು ಸೆಳೆತದಿಂದ ದಡದತ್ತ ತರಬೇಕು. ತುರ್ತು ಸ್ವಿಚ್ಚಿನ ಹಗ್ಗ ಕಳಚಿಕೊಂಡಿದೆಯೇ ಎಂದೂ ನೋಡಬೇಕು. ಆ ಕ್ಲಿಪ್ ಬಿದ್ದಿದ್ದರೆ ಎಷ್ಟು ಪೆಟ್ರೋಲ್ ಬಂದರೂ ಕಿಡಿ ಹಾರುವುದಿಲ್ಲ.

ಬಲ್ಬು ಹೇಳುವ ಸಂಗತಿ

ಬಾಣದ ಗುರುತು ಎಂಜಿನ್ ಕಡೆಗಿರುವಂತೆ ಹಿಡಿದು ಬಲ್ಬನ್ನು ಹಿಸುಕುತ್ತಾ ಹೋದರೆ ಅದು ಬಲಿತ ಮಾವಿನಕಾಯಿಯಂತೆ ಗಟ್ಟಿಯಾಗಬೇಕು. ಎಷ್ಟು ಹಿಸುಕಿದರೂ ಮೆತ್ತಗೇ ಉಳಿದರೆ ಪೈಪಿಗೆ ಗಾಳಿ ಹಿಡಿದಿದೆ, ಇಲ್ಲವೇ ಬಲ್ಬಿನೊಳಗಿನ ವಾಲ್ವ್ ಹೋಗಿದೆ. ಹಿಸುಕಿದಷ್ಟೂ ಕಾರ್ಬ್ಯುರೇಟರ್‌ನಿಂದ ಪೆಟ್ರೋಲ್ ಸುರಿದರೆ ಅದರೊಳಗಿನ ಫ್ಲೋಟ್ ಸೂಜಿ ಕೂರುತ್ತಿಲ್ಲ ಎಂದರ್ಥ. ಓಡುತ್ತಿರುವಾಗ ಬಲ್ಬು ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡಿದ್ದರೆ ಟ್ಯಾಂಕಿನ ಗಾಳಿ ತಿರುಪು ಮುಚ್ಚಿದೆ, ಇಲ್ಲವೇ ಬಲ್ಬಿಗಿಂತ ಹಿಂದೆ ಏನೋ ಕಟ್ಟಿಕೊಂಡಿದೆ. ಗಡಿಬಿಡಿಯಲ್ಲಿ ಹೊರಟವರು ತಿರುಪು ಸಡಿಲಿಸಲು ಮರೆತರೆ ಕೆಲವು ನಿಮಿಷ ಚೆನ್ನಾಗಿಯೇ ಓಡಿದ ಎಂಜಿನ್ ಹೊಳೆಯ ನಡುವೆ ಉಸಿರು ಕಟ್ಟಿ ನಿಲ್ಲುತ್ತದೆ.

ಬಲ್ಬನ್ನು ಹಿಸುಕುತ್ತಲೇ ಇದ್ದರೆ ಮಾತ್ರ ಎಂಜಿನ್ ಓಡುತ್ತದೆ ಎಂದಾದರೆ ಪಂಪಿನ ಪೊರೆ ಹರಿದಿರಬಹುದು, ಪೈಪು ಗಾಳಿ ಎಳೆಯುತ್ತಿರಬಹುದು. ಇಲ್ಲಿ ಹೊಸಬರು ಎಡವುತ್ತಾರೆ. ಪೆಟ್ರೋಲ್ ಸೋರುತ್ತಿಲ್ಲ, ಆದ್ದರಿಂದ ಪೈಪು ಸರಿಯಾಗಿದೆ ಎಂದುಕೊಳ್ಳುತ್ತಾರೆ. ಎಂಜಿನ್ ಓಡುವಾಗ ಆ ಪೈಪಿನಲ್ಲಿರುವುದು ಎಳೆತ, ಒತ್ತಡವಲ್ಲ. ಕನೆಕ್ಟರ್‌ನ ಸವೆದ ರಬ್ಬರ್ ಉಂಗುರದಿಂದ ಒಂದು ಹನಿಯೂ ಹೊರಬಾರದೆ ಗಾಳಿ ಮಾತ್ರ ಒಳನುಗ್ಗುತ್ತದೆ. ಸಂಶಯ ಬಿಡಿಸಲು ಸುಲಭದ ದಾರಿ, ಚೆನ್ನಾಗಿರುವ ಬೇರೊಂದು ಟ್ಯಾಂಕನ್ನು ಪೈಪು ಸಮೇತ ಜೋಡಿಸುವುದು. ಆಗ ಎಂಜಿನ್ ಸರಿಯಾಗಿ ಓಡಿದರೆ ದೋಷ ಹಳೆಯ ಟ್ಯಾಂಕು, ಪೈಪಿನಲ್ಲಿದೆ. ಆಗಲೂ ನಿಂತರೆ ಎಂಜಿನ್ನಿನೊಳಗಿದೆ.

ಗಾಜಿನ ಬಾಟಲಿಯ ಪರೀಕ್ಷೆ

ಫಿಲ್ಟರ್ ಬಟ್ಟಲಿನ ಪೆಟ್ರೋಲನ್ನೂ ಟ್ಯಾಂಕಿನ ತಳದ್ದನ್ನೂ ಸ್ವಲ್ಪ ಗಾಜಿನ ಬಾಟಲಿಗೆ ಸುರಿದು, ಬಯಲಿನಲ್ಲಿ, ಬೆಂಕಿಯಿಂದ ದೂರವಿಟ್ಟು ನೋಡಬೇಕು. ತಳದಲ್ಲಿ ಬೇರೆ ಪದರ ನಿಂತರೆ ಅದರಲ್ಲಿ ನೀರು ಸೇರಿದೆ. ಇಂದಿನ ಪೆಟ್ರೋಲ್‌ನಲ್ಲಿ ಈ ತೊಂದರೆಗೆ ಇನ್ನೊಂದು ಮುಖವಿದೆ. 2025ರ ಹೊತ್ತಿಗೆ ದೇಶದ ಬಂಕುಗಳ ಪೆಟ್ರೋಲ್‌ಗೆ ಶೇ 20ರಷ್ಟು ಎಥನಾಲ್ ಬೆರೆಯುವ ಹಂತಕ್ಕೆ ಬಂತು. ಕಬ್ಬು ಬೆಳೆಯುವ ಈ ಸೀಮೆಯ ರೈತರಿಗೆ ಎಥನಾಲ್ ಆದಾಯದ ಮಾತು; ದೋಣಿ ಕಾಯುವವರಿಗೆ ಎಚ್ಚರದ ಮಾತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಎರಡೂ ಕೂಡಿ ಪೆಟ್ರೋಲ್‌ನಿಂದ ಬೇರ್ಪಟ್ಟು ತಳ ಸೇರುತ್ತವೆ. ಟೂ ಸ್ಟ್ರೋಕ್‌ಗೆ ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲ್‌ನಲ್ಲೇ ಉಳಿಯುತ್ತದೆ. ತಳದಿಂದ ಎಳೆಯುವ ಎಂಜಿನ್‌ಗೆ ಆಯಿಲ್ ಸಿಗದೆ ಪಿಸ್ಟನ್ ಕಚ್ಚಿಕೊಳ್ಳಬಹುದು. 50:1ರ ಎಂಜಿನ್‌ಗೆ ಲೀಟರಿಗೆ 20 ಮಿಲಿ ಆಯಿಲ್ ಅಳೆದು ಹಾಕಿದ್ದರೂ ಪೆಟ್ರೋಲ್ ಹಳತಾಗಿದ್ದರೆ ಆ ಅಳತೆ ಉಪಯೋಗಕ್ಕೆ ಬಾರದು.

ಸೂಜಿಗಿಂತ ಸಣ್ಣ ತೂತು

ಇಷ್ಟೂ ಸರಿಯಿದ್ದು ಎಂಜಿನ್ ಏಳದಿದ್ದರೆ ಪ್ಲಗ್ ಬಿಚ್ಚಿ ನೋಡಬೇಕು. ಹಗ್ಗ ಹಲವು ಸಲ ಎಳೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಒಳಕ್ಕೆ ಬಂದಿಲ್ಲ. ತೊಯ್ದಿದ್ದರೆ ಕಿಡಿಯ ಕಡೆಯೋ ಚೋಕ್ ಅತಿಯಾದ ಕಡೆಯೋ ಹುಡುಕಬೇಕು. ನಿಧಾನದಲ್ಲಿ ನಿಂತುಹೋಗುವ ಎಂಜಿನ್ ವೇಗದಲ್ಲಿ ಚೆನ್ನಾಗಿ ಓಡಿದರೆ ಕಾರ್ಬ್ಯುರೇಟರ್‌ನ ಸಣ್ಣ ಜೆಟ್, ಅಂದರೆ ಪೆಟ್ರೋಲ್ ಹಾಯುವ ತೂತು, ಕಟ್ಟಿದೆ. ನಿಧಾನದಲ್ಲಿ ಸರಿಯಿದ್ದು ಆಕ್ಸಿಲರೇಟರ್ ಕೊಟ್ಟಾಗ ಸತ್ತರೆ ದೊಡ್ಡ ಜೆಟ್, ಫಿಲ್ಟರ್ ಅಥವಾ ಪಂಪು. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಆರಿ ಜೆಟ್‌ನಲ್ಲಿ ಅಂಟಾಗಿ ಕೂತಿರುತ್ತದೆ. ಅದನ್ನು ಕ್ಲೀನರ್ ಸ್ಪ್ರೇ ಹಾಕಿ ಗಾಳಿ ಹೊಡೆದು ಬಿಡಿಸಬೇಕು. ತಂತಿ ತೂರಿಸಿದರೆ ತೂತು ದೊಡ್ಡದಾಗಿ ಪೆಟ್ರೋಲ್‌ನ ಲೆಕ್ಕವೇ ತಪ್ಪುತ್ತದೆ.

ನಮ್ಮಲ್ಲಿರುವ ಕೈಗಳು

ಈ ಕಸುಬು ನಮ್ಮ ಜಿಲ್ಲೆಗೆ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಬೈಕುಗಳೂ ಟೂ ಸ್ಟ್ರೋಕ್‌ನವೇ. ಆ ಬೈಕುಗಳ ಸದ್ದು ಕೇಳಿಯೇ ಜೆಟ್ ಕಟ್ಟಿದೆಯೆಂದು ಹೇಳುತ್ತಿದ್ದ ಮೆಕ್ಯಾನಿಕ್‌ಗಳ ತಲೆಮಾರು ಈಗ ವಯಸ್ಸಾಗುತ್ತಿದೆ. 2020ರಲ್ಲಿ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಹೊಸ ಬೈಕುಗಳಿಗೆ ಫ್ಯೂಯಲ್ ಇಂಜೆಕ್ಷನ್ ಬಂದು, ಕಾರ್ಬ್ಯುರೇಟರ್ ಬಿಚ್ಚಿ ಕಲಿಯುವ ಹುಡುಗರೂ ಕಡಿಮೆಯಾಗುತ್ತಿದ್ದಾರೆ. ಈ ಅರಿವು ಕೈಬಿಟ್ಟುಹೋಗುವ ಮುನ್ನ ಅದನ್ನು ರಕ್ಷಣಾ ದೋಣಿಗಳ ಕಡೆಗೆ ತಿರುಗಿಸಿಕೊಳ್ಳಬೇಕು. ಹಿರಿಯ ಮೆಕ್ಯಾನಿಕ್‌ಗಳನ್ನು ಗೌರವದಿಂದ ಕರೆದು ದೋಣಿ ತಂಡದ ಯುವಕರಿಗೆ ಪಾಠ ಹೇಳಿಸಬೇಕು.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಎಂಜಿನ್ನಿನ ಕೆಳಭಾಗವನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ ಹದಿನೈದು ದಿನಕ್ಕೊಮ್ಮೆ ಓಡಿಸಬೇಕು. ನೀರಿಲ್ಲದೆ ಓಡಿಸಿದರೆ ತಂಪು ನೀರಿನ ಪಂಪು ಸುಟ್ಟುಹೋಗುತ್ತದೆ. ನಿಲ್ಲಿಸುವಾಗ ಪೈಪು ಕಳಚಿ ಕಾರ್ಬ್ಯುರೇಟರ್ ಬರಿದಾಗುವ ತನಕ ಓಡಲು ಬಿಡಬೇಕು. ಹಳೆಯ ಪೆಟ್ರೋಲ್ ತೆಗೆದು, ಮುಂಗಾರಿಗೆ ಮುನ್ನ ಪೈಪು, ಬಲ್ಬು, ಫಿಲ್ಟರ್ ಬದಲಿಸಬೇಕು. ಒಂದು ಹೆಚ್ಚುವರಿ ಪೈಪು ಮತ್ತು ಪ್ಲಗ್ ದೋಣಿಯಲ್ಲೇ ಇರಬೇಕು. ಇಷ್ಟಕ್ಕೆ ಬೇಕಾದ ದುಡ್ಡು ಕಡಿಮೆ, ಬೇಕಾದದ್ದು ನಿಗಾ. ಕಬಿನಿಯ ಗೇಟು ತೆರೆದ ಸುದ್ದಿ ಬಂದ ಮೇಲೆ ಕಾರ್ಬ್ಯುರೇಟರ್ ಬಿಚ್ಚಲು ಕೂರುವ ಹೊತ್ತಿರುವುದಿಲ್ಲ. ಆ ಕೆಲಸ ಬೇಸಿಗೆಯಲ್ಲೇ ಮುಗಿದಿರಬೇಕು.